ಎರಡ ಬಟ್ಲ ಬರ್ಫ

ಒಂದ ಮಾತಿನ ಸೌದಾ, ಬಾನು. ಬರೇ ಒಂದ ಮಾತು. ನೀ ಎದ್ದು ಹೊರಗ ಹೋಗೂದು, ಅಂಗಡಿ ಮುಂದ ಬಾಕಿನ ಮ್ಯಾಲ ಕುಂತಾಳಲ್ಲ ಹಜರತಬಿ, ಆಕಿ ಮುಂದ ನಿಂತು, 'ಬರ್ಫ ತಾನಾಗೇ ಕರಗತೈತಿ, ನಮ್ಮ ಪುಸ್ತಕದಾಗೂ ಹಂಗ ಐತಿ, ಇದರಾಗ ಯಾರ ತಪ್ಪೂ ಇಲ್ಲ' ಅಂತ ಹೇಳೂದು. ಮುಗೀತು. ಆಕಿ ಸಮಾಧಾನ ಮಾಡಕೊಂಡು ಐದರ ಗಾಡಿಗೆ ಊರಿಗೆ ಹೋಗ್ತಾಳ. ನಮ್ಮ ಕಡಿ ಮಂದಿ ಇರೂ ಮೋತಿ ಡೊಂಗರದಾಗ ನಿಮ್ಮಪ್ಪನ ಹೆಸರು ಹೆಂಗಿತ್ತೋ ಹಂಗ ಉಳೀತೈತಿ. ಎರಡೂ ಕಡಿ ಫಾಯದಾ, ಒಂದ ಕಡಿನೂ ಲುಕ್ಸಾನಿಲ್ಲ. ಇಂಥಾ ಸೌದಾ ಗೋವಾದ ಈ ಮಡಗಾಂವ ಪ್ಯಾಟ್ಯಾಗ ನಾ ಇಷ್ಟ ವರ್ಷ ಕುಂತ್ರೂ ಸಿಕ್ಕಿಲ್ಲ.

ಯಾಕ, ಹಂಗ್ಯಾಕ ನೋಡ್ತಿ?

ಸುಳ್ಳ ಹೇಳು ಅಂತ ಅಂದ್ನೇನು ನಾನು? ನೀ ಕಲಿಸಿದ್ದನ್ನ ನಿನಗ ವಾಪಸ ಕೊಡಾಕತ್ತೇನಿ, ಅಷ್ಟ. ಹೋದ ವಾರ ಇದ ಕಟ್ಟಿ ಮ್ಯಾಲ ಕುಂತು ಓದಾಕತ್ತಿದ್ದಿ. 'ಏನ ಓದಾಕತ್ತಿ ಬೇಟಾ' ಅಂದೆ. 'ಕೆಮಿಸ್ಟ್ರಿ ಅಬ್ಬಾ, ತಾನಾಗೇ ಆಗೂ ಕೆಲಸದ ಪಾಠ' ಅಂದಿ. ನನಗ ನಗಿ ಬಂತು. ನಮ್ಮ ಅಂಗಡ್ಯಾಗ ತಾನಾಗೇ ಆಗೂ ಕೆಲಸ ಒಂದೂ ನೋಡಿಲ್ಲವಾ, ಇಮಾಮಹುಸೇನ ಕೈಗಾಡಿ ಎಳೀಬೇಕಂದ್ರ ಮೂರ ಸಲ ಒದರಬೇಕು, ಅಂದೆ. ನೀನೂ ನಕ್ಕಿ. ಅಂವಗೂ ಕೇಳಿಸಿತ್ತು, ಅಂವನೂ ನಕ್ಕ. ನೆನಪೈತೇನು?

ಆತು, ಈಗ ನಗಬ್ಯಾಡ. ನಗೂ ವ್ಯಾಳ್ಯಾ ಅಲ್ಲ, ನನಗೂ ಗೊತ್ತೈತಿ. ಬಾಕಿನ ಮ್ಯಾಲ ಮಗನ್ನ ಕಳಕೊಂಡಾಕಿ ಕುಂತಾಳ. ಚಹಾ ಕಳಿಸಿದ್ದೆ. ಆರಿ ಹೋಗೈತಿ. ಮುಟ್ಟಿಲ್ಲ ಆಕಿ.

ಆದ್ರ ನೀ ಎಷ್ಟ ಚಂದ ಹೇಳಿದ್ದಿ ಅವತ್ತ. ಕೆಲವು ಕೆಲಸಕ್ಕ ಹೊರಗಿನಿಂದ ಯಾರೂ ನೂಕಬೇಕಾಗಿಲ್ಲ, ಚಹಾದಾಗ ಸಕ್ಕರಿ ಹಾಕಿದ್ರ ತಾನ ಕರಗತೈತಿ, ಅತ್ತರದ ಶೀಸೆ ಬಾಯಿ ತಗದ್ರ ವಾಸನಿ ತಾನ ಮನಿ ತುಂಬತೈತಿ. ಆದ್ರ ಮನಿ ತುಂಬಿದ ವಾಸನಿ ತಿರುಗಿ ಶೀಸೆದಾಗ ಹೋಗಿ ಕುಂದ್ರೂದಿಲ್ಲ. ಬರ್ಫದಾಗ ನೀರಿನ ಕಣ ಸಾಲ ಹಿಡದು ಕುಂತಿರತಾವ, ಕರಗಿದ್ವಂದ್ರ ಮನಸ ಬಂದಂಗ ಓಡ್ಯಾಡತಾವ. ಆ ಚೆದರೂದಕ್ಕ ಒಂದ ಅಳತಿ ಐತಿ, ಎಂಟ್ರೊಪಿ ಅಂತ ಅದಕ್ಕ ಹೆಸರು. ಎಲ್ಲಾ ಕೂಡಿ ನೋಡಿದ್ರ ಜಗತ್ತಿನ್ಯಾಗ ಅದು ಹೆಚ್ಚಗೋತನ ಹೊಂಟಿರತೈತಿ ಅಂದಿ. ನಾ ಏನಂದೆ? ಹಂಗಾರ ಇದು ಶುಕ್ರವಾರದ ಮ್ಹಾಪಸಾ ಸಂತಿ ಇದ್ದಂಗ, ಅಂದೆ. ಮುಂಜಾನೆ ಮೆಣಸಿನಕಾಯಿ ಒಂದ ಸಾಲು, ಗಡಗಿ ಒಂದ ಸಾಲು, ಸಂಜಿಮುಂದ ನೋಡಿದ್ರ ಎಲ್ಲಾ ಚೆಲ್ಲಾಪಿಲ್ಲಿ, ಚೆಲ್ಲಾಪಿಲ್ಲಿ ಮಾಡ್ರಿ ಅಂತ ಯಾರೂ ಯಾರಿಗೂ ಹೇಳಿರೂದಿಲ್ಲ. ಮತ್ತ ಸಾಲ ಹಚ್ಚಬೇಕಂದ್ರ ಕೂಲಿ ಕೊಡಬೇಕು. ನೀರ ಬರ್ಫ ಆಗಾಕ ಫ್ಯಾಕ್ಟರಿಯಂವ ಕರೆಂಟ ಸುಡಬೇಕು. ಬರ್ಫ ನೀರಾಗಾಕ ಯಾರೂ ಏನೂ ಸುಡಬೇಕಾಗಿಲ್ಲ. ಸಾಲ ಹಿಡದು ಕುಂದ್ರೂದಕ್ಕ ರೇಟ, ಚೆದರೂದು ಪುಕ್ಕಟೆ. ನಿಮ್ಮಪ್ಪನ ಧಂದೇನ ಇದರ ಮ್ಯಾಲ ನಿಂತೈತಿ ಅಂದೆ. 'ಅಬ್ಬಾ, ಇದನ್ನ ಪರೀಕ್ಷಾದಾಗ ಬರೀತೇನಿ' ಅಂದಿ. ನನಗ ಅವತ್ತ ಎಷ್ಟ ಖುಷಿ ಆಗಿತ್ತಂದ್ರ...

ಅದನ್ನ ನಾ ಖಬರಸ್ತಾನದಾಗ ಹೇಳಿದೆ. ಹೌದು, ಹೇಳಿದೆ. ಮಂದಿ ನನ್ನ ಮಾರಿ ನೋಡಾಕತ್ತಿದ್ರು, ಏನರ ಹೇಳಬೇಕಿತ್ತು. 'ಬರ್ಫ ತಾನಾಗೇ ಕರಗತೈತಿ, ನನ್ನ ಮಗಳ ಪುಸ್ತಕದಾಗ ಐತಿ' ಅಂದೆ. ಅದರಾಗ ತಪ್ಪೇನೈತಿ?

ತಲಿ ತಗ್ಗಸಬ್ಯಾಡ. ಕೇಳು. ನೀ ಅವತ್ತ ಕಾಲೇಜಿಗೆ ಹೋಗಿದ್ದಿ, ಆ ಮನಿ ಈ ಮನಿಯವರು ಹೇಳಿದ್ದನ್ನ ಅರ್ಧಮರ್ಧ ಕೇಳಿದಿ. ನಾ ಪೂರಾ ಹೇಳ್ತೇನಿ.

ಹಜರತಬಿ ಮಗ ಜಿಲಾನಿ ಕಲಂಗುಟ್ಟಿನ್ಯಾಗ ಹೊಸಾ ಹೋಟೆಲಿನ ಸ್ಲ್ಯಾಬಿನ ಕೆಲಸಕ್ಕ ಹೋಗಿದ್ದ. ಸೆಂಟ್ರಿಂಗ್ ಹಲಗಿ ಜಾರಿ ಮ್ಯಾಲಿಂದ ಬಿದ್ದ. ಅಲ್ಲೇ ಹೋದ. ದವಾಖಾನೆಯಿಂದ ಬಿಡಿಸಿ ಟೆಂಪೋದಾಗ ಮೋತಿ ಡೊಂಗರಕ್ಕ ತರೂದರಾಗ ಹೊತ್ತ ಮುಳಗಿ ಮಗರಿಬ್ ಆಗಿತ್ತು. ಹಿರ್ಯಾರು ಅವತ್ತ ಮಣ್ಣ ಕೊಡೂನು ಅಂದ್ರು. ಆದ್ರ ಇರಾಂವ ಒಬ್ಬನ ಮಗ, ತಾಯಿ ಸಿಂದಗಿ ಕಡಿ ಹಳ್ಳ್ಯಾಗ. ಟ್ರಂಕ್ ಕಾಲ್ ಹಚ್ಚಿದ್ರು. ಆಕಿ ಫೋನಿನ್ಯಾಗ ಒಂದ ಮಾತ ಹೇಳಿದ್ಲಂತ, 'ನಾ ಬರೂತನಕ ಮಾರಿ ಮುಚ್ಚಬ್ಯಾಡ್ರಿ.' ಆಗ ಎಲ್ಲಾರೂ ಯಾರ ಕಡಿ ನೋಡಿದ್ರು? ನನ್ನ ಕಡಿ.

ನೋಡೇ ನೋಡ್ತಾರ. ನಮ್ಮ ಕಡಿಯವರು ಯಾರ ತೀರಿಕೊಂಡ್ರೂ, ಮುಸಲರಿರಲಿ ಲಮಾಣ್ಯಾರಿರಲಿ, ಊರಿಂದ ರಕ್ತಸಂಬಂಧ ಬರೂತನಕ ಮುರ್ತುಜಾಸಾಬನ ಬರ್ಫ. ರೊಕ್ಕ ಕೇಳೂದಿಲ್ಲ, ಕೊಟ್ರ ತಗೊಳ್ಳೂದಿಲ್ಲ. ಇದು ನಾನ ಹಾಕಿಕೊಂಡ ರಿವಾಜು. ಲಮಾಣ್ಯಾರ ಕೇಶಪ್ಪನ ಹೆಣಾ ಲಾರ್‍ಯಾಗ ಬಿಜಾಪುರಕ್ಕ ಒಯ್ದಾಗ ನೀ ಸಣ್ಣಾಕಿ. ಕೆಳಗ ಬರ್ಫದ ಲಾದಿ, ಎರಡೂ ಮಗ್ಗಲ ಲಾದಿ, ಮ್ಯಾಲ ಭತ್ತದ ಹೊಟ್ಟು, ಅದರ ಮ್ಯಾಲ ಗೋಣಿತಟ್ಟು. ಇಡೀ ಇಡೀ ಲಾದಿ, ಎರಡಾಳು ಎತ್ತುವಂಥಾವು. ಬಿಜಾಪುರದಾಗ ಇಳಿಸಿದಾಗ ಇನ್ನೂ ಅರ್ಧಾ ಉಳದಿತ್ತು. ಅವನ ಹೆಣ್ತಿ ಗಂಗೀಬಾಯಿ ಇವತ್ತಿಗೂ ಹೇಳ್ತಾಳ, 'ಮುರ್ತುಜಣ್ಣ, ನನ್ನ ಗಂಡ ಮಲಗಿದಂಗ ಇದ್ದ' ಅಂತ.

ಅದ ಈಗ ನನ್ನ ಕುತಿಗಿಗೆ ಬಂದೈತಿ.

ಯಾಕಂದ್ರ ಜಿಲಾನಿ ಮೈ ಕೆಡದಂಗ ಉಳೀಲಿಲ್ಲ. ಮುಂಜಾನೆ ಮಯ್ಯತ್ತ ತೊಳಿಯಾಕ ಬಂದವರು ತಟ್ಟ ಸರಸಿ ನೋಡಿದ್ರ, ಬರ್ಫ ಒಂದ ಹಳ್ಳಿಲ್ಲ. ಬರೇ ನೀರು. ಹಲಗಿಯಿಂದ ತಟ್ ತಟ್ ಅಂತ ಇಳ್ಯಾಕತ್ತಿತ್ತು. ಮಾರಿ... ಬಿಡು, ಅದನ್ನ ನಿನ್ನ ಮುಂದ ಹೇಳೂದಿಲ್ಲ. ಅಕ್ಟೋಬರದ ಸೆಕಿ ನಿನಗ ಗೊತ್ತೈತಲ್ಲ. ತಾಯಿ ಗಾಡಿ ಘಾಟಿನ್ಯಾಗ ಸಿಕ್ಕೊಂಡಿತ್ತು, ಲಾರಿ ಪಲ್ಟಿ ಆಗಿ ದಾರಿ ಬಂದ್. ಮಧ್ಯಾಹ್ನದ ಜುಹರ್ ನಮಾಜ ತನಕ ಕಾದ್ರು. ಆಮ್ಯಾಲ ಕಾಯಾಕ ಬರೂಹಂಗ ಇರಲಿಲ್ಲ. ಮಣ್ಣ ಕೊಟ್ರು. ಆಕಿ ಬಂದಾಗ ಸಂಜಿಮುಂದಿನ ಅಸರ್ ಬಾಂಗ್ ಆಗಾಕತ್ತಿತ್ತು. ಹಸಿ ಮಣ್ಣಿನ ಮ್ಯಾಲ ಕೈ ಇಟ್ಟು ಕುಂತ್ಲು. ಅಳಲಿಲ್ಲ. ನಾ ಅಲ್ಲೇ ನಿಂತಿದ್ದೆ.

ಗಾಡಿ ವ್ಯಾಳ್ಯಾಕ್ಕ ಬಂದಿದ್ರ ಏನೂ ಆಗ್ತಿರಲಿಲ್ಲ. ಬೇಕಾದ್ರ ಗಾಡಿ ತಪ್ಪು ಅನ್ನು. ಘಾಟಿನ ತಪ್ಪು ಅನ್ನು. ಸೆಕಿ ತಪ್ಪು ಅನ್ನು...

ಆದ್ರ ಮಂದಿ ಹಂಗ ಅನ್ನವಲ್ರು. ಮಂದಿ ಬಾಯಿ ನಿನಗ ಗೊತ್ತಿಲ್ಲ. 'ಮುರ್ತುಜಾಸಾಬನ ಬರ್ಫ ಬಿಜಾಪುರ ಮುಟ್ಟತೈತಿ. ಕೇಶಪ್ಪ ಎರಡ ದಿನ ಉಳದ, ಜಿಲಾನಿಗೆ ಒಂದ ರಾತ್ರಿ ತಡೀಲಿಲ್ಲ. ಬರ್ಫ ಅದ ಬರ್ಫ. ಅಂದಮ್ಯಾಲ ಕೊರತಿ ಕಸರ ಇರೂದು ಜಿಲಾನಿಯೊಳಗ.' ಕೇಳಿದೇನು? ಅಂವ ಕುಡೀತಿದ್ದ ಅಂದ್ರು. ತಾಯಿಗೆ ರೊಕ್ಕ ಕಳಸ್ತಿರಲಿಲ್ಲ, ತಾಯಿ ಹೊಟ್ಟಿ ಉರಿಸಿದಂವನ ಮೈ ಹಂಗ ಆಗತೈತಿ ಅಂದ್ರು. ಖರೇ ಹೇಳಬೇಕಂದ್ರ ಆ ಹುಡುಗ ನನ್ನ ಕಡಿ ಬಂದು, 'ಕಾಕಾ, ಊರಿಗೆ ಹೋಗೂ ಲಾರಿಯವರ ಕೈಯಾಗ ಅವ್ವಗ ಇಷ್ಟ ಮುಟ್ಟಸ್ರಿ' ಅಂತ ಕೊಟ್ಟು ಹೋಗ್ತಿದ್ದ. ನಾನ ಮುಟ್ಟಸ್ತಿದ್ದೆ. ನನಗ ಗೊತ್ತಿತ್ತು.

ಇಲ್ಲ. ಹೇಳಲಿಲ್ಲ. ಮಂದಿ ಅಂದಾಗ ಸುಮ್ಮನ ನಿಂತೆ. ಯಾಕಂದ್ರ, ಅಂವ ಚಲೋ ಹುಡುಗ ಅಂದ್ರ ಮತ್ತ ಮಾತು ಬರ್ಫದ ಕಡಿ ತಿರಗತೈತಿ, ಬಾನು. ತಕ್ಕಡಿ ಇದ್ದಂಗ ಅದು. ಒಂದ ಕಡಿ ಏರಿದ್ರ ಇನ್ನೊಂದ ಕಡಿ ಇಳೀಲೇಬೇಕು. ನಾ ಇಳಿಯೂ ಕಡಿ ಇದ್ದೆ.

ಅದಕ್ಕ ಪುಸ್ತಕದ ಮಾತು ಹೇಳಿದೆ. ಎರಡೂ ಕಡಿ ಬಿಟ್ಟು ಮೂರನೇ ಕಡಿ. ಬರ್ಫದ್ದೂ ಅಲ್ಲ, ಹುಡುಗಂದೂ ಅಲ್ಲ, ಲೋಕದ ನಿಯಮ. ಚಲೋ ತಗದೆ ಅಂತ ತಿಳಕೊಂಡಿದ್ದೆ. ಆದ್ರ ಹಜರತಬಿಗೆ ಅದು ಗಂಟಲಾಗ ಇಳೀಲಿಲ್ಲ. ಮೂರನೇ ದಿನದ ಫಾತಿಹಾ ಮುಗಸಿಕೊಂಡು ಗಂಟು ಕಟ್ಟಿಕೊಂಡು ಸೀದಾ ಇಲ್ಲಿಗೆ ಬಂದ್ಲು. ಜಗಳಕ್ಕ ಅಲ್ಲ. ಜಗಳ ಆಗಿದ್ರ ನಾ ನಿಭಾಯಿಸ್ತಿದ್ದೆ. ಮೆಲ್ಲಕ ಕೇಳಿದ್ಲು, 'ತಮ್ಮಾ, ನಿನ್ನ ಮಗಳು ಓದಿದಾಕಿ ಅಂತ. ಆಕಿ ಬಾಯಿಂದ ಒಂದ ಸಲ ಕೇಳಿ ಹೋಗ್ತೇನಿ. ಬರ್ಫದಾಗ ಕಸರ ಇತ್ತೋ, ನನ್ನ ಮಗನ ನಡತ್ಯಾಗ ಕಸರ ಇತ್ತೋ? ಊರಾಗ ಕೇಳಿದವರಿಗೆ ನಾ ಏನ ಹೇಳಲಿ?'

ಅಷ್ಟ ಕೇಳಿದ್ದು. ಅದಕ್ಕ ನೀ...

ಎದ್ದಿ? ಶಾಬಾಸ್. ಹೋಗು. ತಲಿ ಮ್ಯಾಲ ಸೆರಗ ಸರಿ ಮಾಡಕೋ. ಹತ್ರ ಹೋಗಿ ಕುಂದ್ರು, ಕೈ ಹಿಡಕೋ...

ಅತ್ತಾಗ ಎಲ್ಲಿಗೆ? ಬಾಗಲಾ ಈ ಕಡಿ ಐತಿ. ಗೋದಾಮಿನ್ಯಾಗ ಏನೈತಿ ನಿನಗ? ಬಾನು... ಅಲ್ಲಿ ಜಾರತೈತಿ, ಚಪ್ಪಲಿ ಹಾಕ್ಕೋ.

ಬರ್ಫ ಯಾಕ ತಂದಿ? ಹಜರತಬಿಗೆ ನೀರಿನ್ಯಾಗ ಹಾಕಿ ಕೊಡ್ತೇನು? ಚಲೋ ಮಾಡಿದಿ. ಆಕಿ ಬಾಯಿ ಆರಿರಬೇಕು. ಆದ್ರ ಎರಡ ಬಟ್ಲ ಯಾಕ? ಮತ್ತ ಕೆಳಗ ಆ ಗೋಣಿತಟ್ಟ ಯಾಕ ಹಾಸಾಕತ್ತಿ, ನೆಲ ತೋಯತೈತಿ ಅಂತೇನು? ತೋಯಲಿ ಬಿಡು, ಇದು ಬರ್ಫದ ಅಂಗಡಿ.

ಮೆಲ್ಲಕ ಬಡಿ. ಆ ಸುತಿಗಿ ಕೈಮ್ಯಾಲ ಬಿದ್ದೀತು.

ಒಂದ ಬಟ್ಲದಾಗ ಇಡೀ ಹಳ್ಳು. ಇನ್ನೊಂದರಾಗ ಕುಟ್ಟಿದ ಚೂರಾ. ಅಷ್ಟಕ್ಕಷ್ಟ, ಸಮ ಸಮ. ತೂಕ ಮಾಡೂದು ನನ್ನ ಕಡಿಂದ ಕಲ್ತಿ ಅನಸತೈತಿ... ಇದೇನು ನಿಮ್ಮ ಕಾಲೇಜಿನ ಪ್ರಯೋಗಾ? ಈಗ ಅದರ ವ್ಯಾಳ್ಯಾ ಅಲ್ಲ ಬೇಟಾ. ಐದರ ಗಾಡಿಗೆ ಆಕಿ ಹೊಂಡಬೇಕು.

ಅದು ಉಪ್ಪಿನ ಡಬ್ಬಿ.

ಬಾನು, ಅದು ಉಪ್ಪು.

ಉಪ್ಪ ಯಾಕ ಹಾಕಾಕತ್ತಿ? ನಾ ಬರ್ಫ ಅಂದೆ, ಉಪ್ಪ ಅನ್ನಲಿಲ್ಲ. ನಾ ಹೇಳಿದ್ದರಾಗ ಉಪ್ಪಿನ ಮಾತು ಎಲ್ಲಿ ಬಂತು? ಯಾರು... ಇಮಾಮಹುಸೇನ ಏನರ ಹೇಳಿದ್ನೇನು ನಿನಗ? ಇಲ್ಲ? ಅಂವ ಬಾಯಿ ಬಿಟ್ಟಿರೂದಿಲ್ಲ, ನನಗ ಗೊತ್ತು. ಹಂಗಾರ...

ಈ ತಟ್ಟ ಎಲ್ಲೀದು?

ಇದು ಅವರ ಮನಿಯಿಂದ ವಾಪಸ ಬಂದ ತಟ್ಟ. ಚರಂಡಿಗೆ ಒಗದು ಬಾ ಅಂತ ಹೇಳಿದ್ದೆ ಇಮಾಮಹುಸೇನಗ. ಚಲೋ ತಟ್ಟ ಅಂತ ಗ್ವಾಡಿ ಮ್ಯಾಲ ಒಣಹಾಕ್ಯಾನ ಸುವ್ವರ. ಬಿಸಲಿಗೆ ನೀರ ಆರಿ ಹೋಗೈತಿ. ನೀರ ಆರಿದ್ರೂ ಉಪ್ಪ ಆರೂದಿಲ್ಲ... ಬೆಳ್ಳಗ ಗೆರಿ ಗೆರಿ ಎದ್ದೈತಿ. ನೀ ಅದನ್ನ ನೋಡಿದಿ. ಮೂರ ದಿನದಿಂದ ನೋಡಾಕತ್ತಿದ್ದಿ. ಅದಕ್ಕ ನನ್ನ ಗೂಡ ಮಾತ ಬಿಟ್ಟಿ. ನಾ ಸತ್ತವರ ದುಃಖ ಅಂತ ತಿಳಕೊಂಡಿದ್ದೆ.

ಆತು, ಹಾಕಿದೆ. ಉಪ್ಪ ಹಾಕಿದೆ. ಉಪ್ಪ ಹಾಕೂದ್ರಾಗ ಏನ ತಪ್ಪೈತಿ? ಉಪ್ಪ ಹಾಕಿದ್ರ ಬರ್ಫ ಇನ್ನೂ ಥಂಡಿ ಬೀಳತೈತಿ. ಕುಲ್ಫಿಯಂವ ಹಾಕ್ತಾನ. ಮೀನಿನವರು ಹಾಕ್ತಾರ, ಲಾರಿ ಬೆಳಗಾಂವಿಗೆ ಹೋಗ್ತಾವ, ಮೀನ ಕಲ್ಲಾದಂಗ ಇರತಾವ. ನಾ ಒಳ್ಳೇದಕ್ಕ ಹಾಕಿದೆ. ಜಾಸ್ತಿ ಥಂಡಿ ಇರಲಿ ಅಂತ ಹಾಕಿದೆ.

ಏನರ ಅನ್ನು.

ಏನೂ ಅನ್ನಬ್ಯಾಡ. ಬಟ್ಲ ನನ್ನ ಕಡಿ ಸರಸಬ್ಯಾಡ. ನನಗ ಕಾಣತೈತಿ, ಕಣ್ಣ ಇನ್ನೂ ಚಲೋ ಅದಾವ. ಇಡೀ ಹಳ್ಳು ಇನ್ನೂ ಹಂಗ ಐತಿ, ತಳದಾಗ ಎರಡ ಹನಿ ನೀರು. ಚೂರಾ ಆಗಲೇ ಅರ್ಧಾ ನೀರು. ಗೊತ್ತೈತಿ ನನಗ. ಬರ್ಫದಾಗ ಕೂದ್ಲ ಬೆಳ್ಳಗಾಗ್ಯಾವ, ಇದು ಗೊತ್ತಿಲ್ಲೇನು? ಕುಟ್ಟಿದಷ್ಟೂ ಗಾಳಿಗೆ ಮೈ ಹೆಚ್ಚ ಸಿಗತೈತಿ. ಉಪ್ಪ ಬಿತ್ತಂದ್ರ ಸೊನ್ನಿಗಿಂತ ಕೆಳಗ ಥಂಡಿ ಇದ್ರೂ ಕರಗಾಕ ಸುರು ಮಾಡತೈತಿ. ಮೀನಿನ ಲಾರಿಯವರು ನಡುವ ರಾಮನಗರದಾಗ ನಿಲ್ಲಿಸಿ ಹೊಸಾ ಬರ್ಫ ಹಾಕ್ತಾರ. ಜಿಲಾನಿಗೆ ನಡುವ ಯಾರ ಹಾಕವರಿದ್ರು?

ನೀ ಅವತ್ತ ಇದನ್ನೂ ಹೇಳಿದ್ದಿ. ಪಾಠದ ಕಡೀಕ. ನಾ ಎದ್ದು ಹೊಂಟಿದ್ದೆ, ಗಿರಾಕಿ ಬಂದಿದ್ದ. ನೀ ಹಿಂದಿಂದ ಒದರಿದ್ದಿ, 'ಅಬ್ಬಾ, ಇನ್ನೊಂದೈತಿ ಕೇಳ್ರಿ. ತಾನಾಗೇ ಆಗತೈತಿ ಅಂದ್ರ ಲಗೂನ ಆಗತೈತಿ ಅಂತಲ್ಲ. ಕಬ್ಬಿಣ ತುಕ್ಕ ಹಿಡಿಯೂದೂ ತಾನಾಗೇ, ಅದಕ್ಕ ವರ್ಷಗಟ್ಟಲೆ ಬೇಕು. ತಾನಾಗೇ ಅನ್ನೂದು ಯಾವ ಕಡಿ ಹೋಗತೈತಿ ಅಂತ ಹೇಳತೈತಿ, ಎಷ್ಟ ಹೊತ್ತಿನ್ಯಾಗ ಅಂತ ಹೇಳೂದಿಲ್ಲ.' ಕೇಳಿಸಿತ್ತು ನನಗ. ಚಲೋ ಕೇಳಿಸಿತ್ತು. ಖಬರಸ್ತಾನದಾಗ ನಾ ಮೊದಲಿನರ್ಧಾ ಹೇಳಿದೆ. ಹಿಂದಿನರ್ಧಾ ಬಿಟ್ಟೆ. ನಮ್ಮ ಪ್ಯಾಟ್ಯಾಗ ಅರ್ಧಾ ಹೇಳೂದಕ್ಕ ಯಾರೂ ಸುಳ್ಳ ಅನ್ನೂದಿಲ್ಲ.

ಆದ್ರ ಚೂರಾ ಯಾಕ ಅಂತ ಕೇಳಬ್ಯಾಡ. ಅವತ್ತ ಲಾದಿ ಇರಲಿಲ್ಲ. ಫ್ಯಾಕ್ಟರ್‍ಯಾಗ ಕರೆಂಟ ಹೋಗಿತ್ತು, ಮಾಲ ಬಂದಿರಲಿಲ್ಲ. ಮೂಲ್ಯಾಗ ಬಿದ್ದ ಚೂರಾ ಇತ್ತು, ಕಬ್ಬಿನ ಹಾಲಿನವರಿಗೆ ಕೊಡೂದು. ಇದ್ದದ್ದನ್ನ ಕೊಟ್ಟೆ. ಇಲ್ಲದ್ದನ್ನ ಎಲ್ಲಿಂದ ತರಲಿ? ಇದ್ದ ನಾಕ ಲಾದಿ ಕೋಲ್ವಾದ ಹೋಟೆಲಿಗೆ ಮೊದಲ ಮಾತ ಕೊಟ್ಟಿದ್ದೆ. ಅವರ ಮನಿ ಲಗ್ನದ ಪಾರ್ಟಿ, ಪಾತ್ರಾಂವ, ಹೋಟೆಲಿನ ಮಾಲಕ, ತಾನ ಬಂದು ಹೇಳಿ ಹೋಗಿದ್ದ, 'ಮುರ್ತುಜಾ, ಇವತ್ತಿನ ಬರ್ಫ ನೋಡಿ ಇಡೀ ಸೀಜನ್ನಿನ ಬರ್ಫದ ಗುತ್ತಿಗಿ ಯಾರಿಗೆ ಅಂತ ಹೇಳ್ತೇನಿ' ಅಂದಿದ್ದ. ಅಂಥಾ ಮಾಲಕ ತಾನಾಗಿ ಬಾಗಲಿಗೆ ಬಂದಾಗ...

ಹೋಟೆಲಿನ ಮಾತು ನಿನಗ ಯಾರ ಹೇಳಿದ್ರು?

ಯಾರೂ ಹೇಳಿಲ್ಲ. ನಾನ ಹೇಳಿದೆ ಈಗ.

ನೀ ಒಂದ ಪ್ರಶ್ನಿನೂ ಕೇಳಿಲ್ಲ. ಬಂದಾಗಿಂದ ಬಾಯಿನ ತಗದಿಲ್ಲ. ನಾನ ಒಂದೊಂದ ಹೇಳಕೋತ ಬಂದೇನಿ, ಗಿರಾಕಿ ಸುಮ್ಮನ ನಿಂತ್ರ ಯಾಪಾರಿ ತಾನಾಗೇ ರೇಟ ಇಳಸ್ತಾನಲ್ಲ, ಹಂಗ.

ಲಾದಿ ಇದ್ವು. ಸಂಜಿಮುಂದ ಜಿಲಾನಿ ಕಡಿಯವರು ಬಂದಾಗ ಗೋದಾಮಿನ್ಯಾಗ ಇದ್ವು, ಹೊಟ್ಟಿನ್ಯಾಗ ಮುಚ್ಚಿ ಇಟ್ಟಿದ್ದೆ. ಹೋಟೆಲಿನ ಟೆಂಪೋ ಇನ್ನೂ ಬಂದಿರಲಿಲ್ಲ. ಒಂದ ಮಾತ ಹೇಳಿ ಕಳಿಸಿದ್ರ ಆಗ್ತಿತ್ತು, 'ಪಾತ್ರಾಂವ, ಮನ್ಯಾಗ ಮೌತ ಆಗೈತಿ, ಇವತ್ತ ಆಗೂದಿಲ್ಲ.' ಅಂವ ಬಯ್ಯತಿದ್ದ. ಬೀರ ಬೆಚ್ಚಗ ಕುಡೀತಿದ್ರು ಮಂದಿ. ಅಷ್ಟ.

ಚೂರಾದ ಮ್ಯಾಲ ಒಂದ ರಾತ್ರಿ ಕಳೀಲಿ ಸಾಕು ಅಂದುಕೊಂಡೆ. ಮುಂಜಾನೆ ಗಾಡಿ ಬರತೈತಿ, ತಾಯಿ ಮಾರಿ ನೋಡ್ತಾಳ, ಮುಗೀತು. ಲೆಕ್ಕಾ ಹಾಕಿದೆ. ಧಂದೇದಂವ ಎಲ್ಲಾದಕ್ಕೂ ಲೆಕ್ಕಾ ಹಾಕ್ತಾನ. ಘಾಟಿನ ಲಾರಿ ಲೆಕ್ಕದಾಗ ಇರಲಿಲ್ಲ.

ಉಪ್ಪಾ...

ಆ ಡಬ್ಬಿ ಮುಚ್ಚು ಬಾನು. ನಿನ್ನ ಕೈ ಅದರ ಮ್ಯಾಲ ಇದ್ರ ನನಗ ಮಾತ ಬರೂದಿಲ್ಲ.

ಜಾಸ್ತಿ ಥಂಡಿ ಇರಲಿ ಅಂತ ಅಲ್ಲ. ಚೂರಾ ನೋಡಿದ್ರ ಮಂದಿಗೆ ತಿಳೀತಿತ್ತು. 'ಏನ ಮುರ್ತುಜಾಸಾಬ, ಈ ಸಲ ಪುಡಿ ಕೊಟ್ಟಿರಿ' ಅಂತಿದ್ರು. ಅದಕ್ಕ ಚೂರಾ ನಾನ ಕೈಯಾರ ಹರವಿ ಉಪ್ಪ ಹಾಕಿದೆ, ಮ್ಯಾಲ ತಟ್ಟ ಮುಚ್ಚಿದೆ. ಉಪ್ಪ ಹಾಕಿದ ಚೂರಾ ಮುಟ್ಟಿ ನೋಡೂ ಹೊತ್ತಿನ್ಯಾಗ ಲಾದಿಗಿಂತ ಥಂಡಿ ಇರತೈತಿ, ಕೈ ಕಡೀತೈತಿ. ಹಿರ್ಯಾರು ತಟ್ಟಿನ ಮ್ಯಾಲ ಕೈ ಇಟ್ಟು ನೋಡಿದ್ರು. 'ಮಾಶಾ ಅಲ್ಲಾ, ಏನ ಬರ್ಫ ಕೊಟ್ಟಿ' ಅಂದ್ರು. ನನಗ ದುವಾ ಮಾಡಿದ್ರು. ನಾ ಆಮೀನ್ ಅಂದೆ, ಬಾನು.

ಅದು ಕರಗಾಕ ಹೊತ್ತ ಕಡಿಮಿ ಬೇಕು ಅಂತ ಗೊತ್ತಿದ್ದೂ ಹಾಕಿದೆ. ಮೀನ ಕೊಳ್ಳಾಕ ಬಂದ ಗಿರಾಕಿಗೆ ತೋರಸಾಕ ಮಾಡೂ ಕೆಲಸ ಅದು. ಅಂವನ್ನ... ಊರಿಗೆ ರೊಕ್ಕ ಕಳಸೂ ಹುಡುಗನ್ನ, 'ಕಾಕಾ' ಅಂತಿದ್ದಂವನ್ನ... ಮೀನಿಗೆ ಮಾಡಿದಂಗ ಮಾಡಿದೆ.

ಹೊರಗ ಕೆಮ್ಮಿದಾಕಿ ಆಕೀನ? ಹೊತ್ತ ಆತು. ಇಮಾಮಹುಸೇನ ಗಂಟ ಹೊತ್ತಗೊಂಡು ನಿಂತಾನ.

ಈಗ ಏನಂತಿ? ನಾನ ಹೋಗಬೇಕು ಅಂತೇನು? ನಾ ಹೋಗಿ ಏನ ಹೇಳಲಿ? 'ಆಪಾ, ನಿನ್ನ ಮಗನ್ಯಾಗ ಕಸರ ಇರಲಿಲ್ಲ, ಅಂವ ಚಲೋ ಇದ್ದ' ಅಂತ ಹೇಳ್ತೇನಿ. ಸಾಕಲ್ಲ?

ಸಾಕಾಗೂದಿಲ್ಲ.

ಹಂಗಾರ, 'ಅವತ್ತ ಬರ್ಫದಾಗ ಸ್ವಲ್ಪ ಕಸರ ಇತ್ತು, ಫ್ಯಾಕ್ಟರಿ ಮಾಲು ಹಂಗ ಬಂದಿತ್ತು' ಅಂತ... ತಲಿ ಅಲ್ಲಾಡಸಬ್ಯಾಡ. ಅಲ್ಲಾಡಸಲಿಲ್ಲ? ನನಗ ಹಂಗ ಕಂಡಿತು. ಖರೇ, ಬರ್ಫದಾಗ ಏನ ಕಸರ ಇರತೈತಿ? ಬರ್ಫ ಬರ್ಫದಂಗ ನಡಕೊಂಡೈತಿ. ಕುಟ್ಟಿದ್ರ ಕುಟ್ಟಿದಂಗ, ಉಪ್ಪ ಹಾಕಿದ್ರ ಉಪ್ಪ ಹಾಕಿದಂಗ. ತಾನಾಗೇ.

ನಾಳಿ ಮೋತಿ ಡೊಂಗರದಾಗ ಯಾರರ ತೀರಿಕೊಂಡ್ರ ನನ್ನ ಬಾಗಲಿಗೆ ಬರೂದಿಲ್ಲ. ಅದೂ ತಿಳದಿರಲಿ ನಿನಗ. ಗಂಗೀಬಾಯಿ ಈ ದಾರಿ ಹಿಡದು ಹೋಗೂದಿಲ್ಲ. ನಿನ್ನ ಲಗ್ನದ ಮಾತ ನಡದಲ್ಲಿ ಕೇಳ್ತಾರ, 'ಆ ಬರ್ಫದವನ ಮಗಳೇನು' ಅಂತ. ಎಲ್ಲಾ ಹೇಳಿ ಇಟ್ಟೇನಿ, ಆಮ್ಯಾಲ ಹೇಳಲಿಲ್ಲ ಅನಬ್ಯಾಡ.

...ಮತ್ತ ಬಟ್ಲನ ಮುಂದ ಸರಸ್ತಿ.

ಬಟ್ಲ ಕೊಡು ಇಲ್ಲಿ. ಎರಡೂ ಕೊಡು. ಒಂದರಾಗ ಹಳ್ಳು ಇನ್ನೂ ಕುಂತೈತಿ, ಬರೇ ಮೂಲಿ ಅಷ್ಟ ಸವದಾವ. ಇನ್ನೊಂದರಾಗ ನೀರು, ಮ್ಯಾಲ ನಾಕ ಚೂರು. ಇವನ್ನ ಆಕಿ ಕೈಯಾಗ ಇಡ್ತೇನಿ. ಓದಬೇಕಾಗಿಲ್ಲ, ಮುಟ್ಟಿದ್ರ ತಿಳೀತೈತಿ. 'ಆಪಾ, ಇದು ಹೋಟೆಲಿಗೆ ಕೊಟ್ಟದ್ದು. ಇದು ನಿನ್ನ ಮಗಗ ಕೊಟ್ಟದ್ದು. ಇದರ ಮ್ಯಾಲ ಉಪ್ಪ ಹಾಕಿದಂವ ನಾನು. ಊರಾಗ ಕೇಳಿದವರಿಗೆ ಹಿಂಗ ಹೇಳು, ನನ್ನ ಹೆಸರ ಹಚ್ಚಿ ಹೇಳು.' ಹಿಂಗಂದ್ರ ಆತಲ್ಲ?

ನನ್ನ ಎರಡೂ ಕೈಯಾಗ ಬಟ್ಲ ಅದಾವ. ನೀ ಬಾಗಲಾ ತಗಿ. ಗೂಡ ಬರಬ್ಯಾಡ... ಬಾ. ಹಿಂದ ನಿಂದ್ರು.

ಆಕಿ ಒಂದ ಮಾತ ಕೇಳ್ತಾಳ, ಬಾನು. ನನಗ ಗೊತ್ತೈತಿ, ಹೆಣ್ಣಮಕ್ಕಳು ಅದನ್ನ ಕೇಳ್ತಾರ. 'ಇದರಾಗ ನಿನಗೇನ ಸಿಕ್ಕಿತು ತಮ್ಮಾ?' ಅಂತಾಳ. ಅದಕ್ಕೂ ಪೂರಾ ಹೇಳ್ತೇನಿ, ಅರ್ಧಾ ಹೇಳೂದಿಲ್ಲ. ಪಾರ್ಟಿ ಆದ ಮರುದಿನ ಪಾತ್ರಾಂವ ಆಳ ಕಳಿಸಿದ್ದ, ಮಣ್ಣ ಕೊಟ್ಟು ಕೈ ತೊಳಕೊಳ್ಳೂ ಹೊತ್ತಿನ್ಯಾಗ. ಸಿಕ್ಕಿತು ಆಪಾ. ಒಂದ ಹೋಟೆಲು. ಅಕ್ಟೋಬರದಿಂದ ಮೇ ತನಕ, ದಿನಕ್ಕ ನಾಕ ಲಾದಿ.